ಕೈ ಒದ್ದೆಯಾಗದ ಪದವಿ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ದಯವಿಟ್ಟು ಕೇಳಬೇಡಿ. ಲೆಕ್ಕ ಹಾಕಲು ಕೂತರೆ ಅದು ಕಳೆದ ವಾರದವರೆಗೂ ಬಂದುಬಿಡುತ್ತದೆ, ಆಮೇಲೆ ಸಂಪಾದಕರು ನನ್ನನ್ನು ಕರೆಸಿ ಕಾಫಿ ಕೊಡದೆ ಮಾತಾಡುತ್ತಾರೆ. ರಾಜ್ಯದ ಹೆಸರು ಸುವ್ಯವಸ್ಥಾಪುರ. ಆಳುತ್ತಿದ್ದವರು ಶ್ರೀಮನ್ಮಹಾರಾಜ ತುಂಗಕೀರ್ತಿ ಪ್ರಭುಗಳು. ಪ್ರಭುಗಳಿಗೆ ನಿದ್ದೆ, ಮೆರವಣಿಗೆ ಮತ್ತು ಮಹಾಮಂತ್ರಿ ಮೃದುವಚನರು ಎಂದರೆ ಪ್ರಾಣ.

ಒಮ್ಮೆ ಪ್ರಭುಗಳು ನೆರೆರಾಜ್ಯಕ್ಕೆ ಔತಣಕ್ಕೆ ಹೋಗಿದ್ದಾಗ ಅಲ್ಲಿಯ ರಾಜ ಪಾಯಸ ಸುರಿಯುತ್ತ, ತಮ್ಮಲ್ಲಿ ಎಲ್ಲವೂ ಮ್ಯಾನೇಜ್‌ಮೆಂಟ್ ಎಂದನಂತೆ. ಪ್ರಭುಗಳಿಗೆ ಆ ಮಾತು ಅರ್ಥವಾಗಲಿಲ್ಲ. ಅರ್ಥವಾಗದ ವಸ್ತುವೊಂದು ನೆರೆಯವನ ಬಳಿ ಇದ್ದು ತಮ್ಮ ಬಳಿ ಇಲ್ಲದಿರುವುದು ಸಿಂಹಾಸನಕ್ಕೆ ಅಪಮಾನವೆಂದು ಬಗೆದು, ಊರಿಗೆ ಮರಳಿದವರೇ ರಾಜಧಾನಿಯಲ್ಲಿ ಒಂದು ನಿರ್ವಹಣಾ ಗುರುಕುಲವನ್ನು ಸ್ಥಾಪಿಸಿದರು. ಎರಡು ವರ್ಷದ ಸ್ನಾತಕೋತ್ತರ ಪದವಿ. ಮೊದಲ ಘಟಿಕೋತ್ಸವದಲ್ಲಿ ಮೊಟ್ಟಮೊದಲ ಪದವಿಯನ್ನು ಮೇಷ್ಟರುಗಳು ಪ್ರಭುಗಳಿಗೇ ಗೌರವಪೂರ್ವಕ ಪ್ರದಾನ ಮಾಡಿದರು. ಅವರನ್ನು ಬೈಯಲಾರೆ, ಪಾಪ, ಅವರಿಗೂ ಹೆಂಡತಿ ಮಕ್ಕಳಿದ್ದರು. ಆದರೆ ಮುಂದಿನ ಅನಾಹುತವೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಹೇಗೆಂದರೆ, ಮಹಾಮಂತ್ರಿ ಮೃದುವಚನರು ಆ ಸಂಜೆ ಗಾಢವಾಗಿ ಚಿಂತಿಸಿದರು. ಪ್ರಭುಗಳ ಪದವಿಯೂ ಪ್ರಜೆಗಳ ಪದವಿಯೂ ಒಂದೇ ಆದಮೇಲೆ, ಆ ಪದವಿ ಪಡೆದ ಯಾವನೋ ಒಬ್ಬ ನಾಳೆ ಸಗಣಿ ಬಾಚಿದರೆ ಪ್ರಭುಗಳ ಪದವಿಯೇ ಸಗಣಿ ಬಾಚಿದಂತಾಗುವುದಿಲ್ಲವೇ? ಆಗುತ್ತದೆ ಎಂದು ಆಸ್ಥಾನ ಒಕ್ಕೊರಲಿನಿಂದ ಹೇಳಿತು. ಕೂಡಲೇ ಹಸ್ತಗೌರವ ಶಾಸನ ಹೊರಟಿತು: ನಿರ್ವಹಣಾ ಸ್ನಾತಕೋತ್ತರರು ಕೆಲಸದ ನಿಮಿತ್ತ ನೀರು, ಮಣ್ಣು, ಎಣ್ಣೆ, ಸುಣ್ಣ, ಸಗಣಿ ಇವುಗಳನ್ನು ಕೈಯಾರೆ ಮುಟ್ಟತಕ್ಕದ್ದಲ್ಲ. ಮುಟ್ಟಿದರೆ ಪದವಿ ರದ್ದು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ಮಕ್ಕಳ ಪಠ್ಯದಿಂದ ತೆಗೆದು 'ಕೈ ಬೆಳ್ಳಗಿದ್ದರೆ ಬಾಯಿ ಮೊಸರು' ಎಂದು ತಿದ್ದಲಾಯಿತು. ಪ್ರಾಸ ಕೆಟ್ಟಿತೆಂದು ಆಸ್ಥಾನಕವಿಗಳು ಗೊಣಗಿದರು. ಒಂದು ಶಾಲು ಹೊದಿಸಿದ ಮೇಲೆ ಪ್ರಾಸ ಅವರಿಗೂ ಸರಿಹೋಯಿತು.

ಜನ ದಡ್ಡರಲ್ಲ. ಕೈ ಒದ್ದೆ ಮಾಡಿಕೊಳ್ಳದವರಿಗೆ ಕುರ್ಚಿ ಎಂದು ತಿಳಿದ ಮೇಲೆ ಕುಂಬಾರ, ಕಮ್ಮಾರ, ಗಾಣಿಗ, ಗಾರೆಯವ ಎಲ್ಲರೂ ಮಕ್ಕಳನ್ನು ಗುರುಕುಲಕ್ಕೆ ಸೇರಿಸಿದರು. ಆರು ವರ್ಷದಲ್ಲಿ ನಾಲ್ಕು ಸಾವಿರ ಸ್ನಾತಕೋತ್ತರರು ತಯಾರಾಗಿ, ಕರಿ ನಿಲುವಂಗಿ ತೊಟ್ಟು, ಅರಮನೆಯ ಎದುರಿನ ಆಲದ ಕಟ್ಟೆಯ ಮೇಲೆ ಕೂತು ಉದ್ಯೋಗ ಎಲ್ಲಿ ಎಂದು ಕೇಳತೊಡಗಿದರು. ಅವರು ಹಾಗೆ ಕೇಳುವಾಗ ಪ್ರಭುಗಳ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು.

ಆ ನಾಲ್ಕು ಸಾವಿರದಲ್ಲಿ ರಂಗನಾಯಕಿ ಒಬ್ಬಳು. ಅವಳ ತಂದೆ ಈರಬೋರಯ್ಯ ದೊಡ್ಡಕೆರೆಯ ನೀರಗಂಟಿ. ಕೆರೆಯ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಹೋಗಬೇಕೆಂದು ನೋಡುವವನು ಅವನೇ, ತೂಬು ತೆರೆಯುವವನೂ ಅವನೇ. ತೂಬು ತೆರೆಯುವುದೆಂದರೆ ದಡದಲ್ಲಿ ನಿಂತು ಚಕ್ರ ತಿರುಗಿಸುವುದಲ್ಲ. ಈಜಿಕೊಂಡು ಹೋಗಿ, ಎರಡು ಕಲ್ಲುಕಂಬಗಳ ನಡುವೆ ಮುಳುಗಿ, ತಳದ ಕಂಡಿಗೆ ಬಡಿದಿರುವ ಮರದ ಬೆಣೆಯನ್ನು ಅಲುಗಿಸಿ ಅಲುಗಿಸಿ ಕೀಳಬೇಕು. ಉಸಿರು ಬಿಗಿಹಿಡಿಯಬೇಕು, ಸೆಳೆತ ಬಂದ ಕೂಡಲೇ ಪಕ್ಕಕ್ಕೆ ಸರಿಯಬೇಕು. ಸರಿಯದಿದ್ದವರ ಹೆಸರು ಏರಿಯ ಮೇಲಿನ ಕಲ್ಲಿನಲ್ಲಿದೆ. ಈರಬೋರಯ್ಯ ಈ ವಿದ್ಯೆಯನ್ನು ಮಗಳಿಗೆ ಹತ್ತನೇ ವಯಸ್ಸಿಗೇ ಕಲಿಸಿದ್ದ, ಅವಳು ಬೆಳೆದ ಮೇಲೆ ಹೆದರಿ ಗುರುಕುಲಕ್ಕೆ ಸೇರಿಸಿದ್ದ. ಈಗ ಅವನ ಮೊಣಕಾಲು ಹಿಡಿದುಕೊಂಡಿತ್ತು. ದೊಡ್ಡಕೆರೆಯ ತೂಬು ಬಲ್ಲವಳು ಇಡೀ ರಾಜ್ಯದಲ್ಲಿ ಅವಳೊಬ್ಬಳೇ ಉಳಿದಿದ್ದಳು.

ನಿದ್ದೆ ಕೆಟ್ಟ ಪ್ರಭುಗಳು ಮಂತ್ರಿಗಳನ್ನು ಗದರಿಸಿದ್ದರಿಂದ ವೃತ್ತಿ ಅವಕಾಶಗಳ ಮಹಾಮೇಳ ಏರ್ಪಾಡಾಯಿತು. ಮಳಿಗೆಗಳೇ ಮಳಿಗೆಗಳು. ಮಾರುಕಟ್ಟೆ ವಿಭಾಗದವರು ಇನ್ನೂ ತಯಾರಾಗದ ಪದಾರ್ಥಗಳನ್ನು ಹೊಗಳುವವರನ್ನು ಹುಡುಕುತ್ತಿದ್ದರು. ಮಾನವ ಸಂಪನ್ಮೂಲದ ಮಳಿಗೆಯಲ್ಲಿ ಮಾನವರ ಕೊರತೆಯಿಂದ ನೇಮಕಾತಿ ಮುಂದೂಡಲಾಗಿದೆ ಎಂಬ ಫಲಕವಿತ್ತು. ನವೋದ್ಯಮದ ಮಳಿಗೆಯಲ್ಲಿ ಕುಂಕುಮ ಹಚ್ಚಿ, ತೆಂಗಿನಕಾಯಿ ಕೊಟ್ಟು, ನಿಮ್ಮ ಯಜಮಾನರು ನೀವೇ ಎಂದು ಹಾರೈಸಿ ಮನೆಗೆ ಕಳಿಸುತ್ತಿದ್ದರು. ತೆಂಗಿನಕಾಯಿ ಮಾತ್ರ ಚೆನ್ನಾಗಿತ್ತು ಎಂದು ಹೋಗಿಬಂದವರು ಹೇಳುತ್ತಾರೆ.

ರಂಗನಾಯಕಿ ಯಾವ ಮಳಿಗೆಯ ಮುಂದೆಯೂ ನಿಲ್ಲದೆ ನೇರ ಮೃದುವಚನರ ಬಳಿಗೆ ಹೋಗಿ, ತನಗೆ ತಂದೆಯ ನೀರಗಂಟಿ ಕೆಲಸವೇ ಬೇಕೆಂದಳು. ಮಂತ್ರಿಗಳು ಅವಳ ಅಂಕಪಟ್ಟಿ ನೋಡಿದರು. ಮೊದಲ ರ‍್ಯಾಂಕು.

"ತಾಯಿ, ನಿಮ್ಮ ಅರ್ಹತೆ ಆ ಹುದ್ದೆಗೆ ಹೆಚ್ಚಾಯಿತು," ಎಂದರು. "ತಾವು ನೀರಿಗಿಳಿದರೆ ಪ್ರಭುಗಳೇ ನೀರಿಗಿಳಿದಂತೆ."

"ಇನ್ನಾರು ತಿಂಗಳಿಗೆ ಮಳೆಗಾಲ ಬುದ್ಧೀ. ಅಪ್ಪಯ್ಯನ ಕೈಲಿ ಆಗಲ್ಲ. ತೂಬು ತೆಗೆಯೋರು ಯಾರು?"

ಮಂತ್ರಿಗಳ ಮುಖ ಅರಳಿತು. ಎಂಥ ಸಮಸ್ಯೆ, ಎಂಥ ಅವಕಾಶ! ಅಲ್ಲೇ ದೊಡ್ಡಕೆರೆ ಜಲನಿರ್ವಹಣಾ ಮಂಡಳಿ ಜನ್ಮ ತಾಳಿತು. ನಲವತ್ತು ಹುದ್ದೆ: ಒಳಹರಿವು ನಿರ್ವಾಹಕ, ಹೊರಹರಿವು ನಿರ್ವಾಹಕ, ಅಲೆ ಸಮನ್ವಯಾಧಿಕಾರಿ, ಕಪ್ಪೆ ಸಂಪರ್ಕಾಧಿಕಾರಿ ಇತ್ಯಾದಿ. ನೀರಗಂಟಿ ಎಂಬ ಹುದ್ದೆ ಹಳೆಯ ಕಾಲದ್ದೆಂದು ರದ್ದಾಯಿತು. ರಂಗನಾಯಕಿಗೆ ತೂಬು ದೂರದೃಷ್ಟಿ ಅಧಿಕಾರಿ ಎಂಬ ಹುದ್ದೆ ಸಿಕ್ಕಿತು, ಅಂದರೆ ತೂಬನ್ನು ದೂರದಿಂದ ನೋಡುವವಳು. ಮನೆಯಲ್ಲಿ ಈರಬೋರಯ್ಯ ನೇಮಕದ ಪತ್ರವನ್ನು ತಲೆಕೆಳಗಾಗಿ ಹಿಡಿದುಕೊಂಡು ಅತ್ತುಬಿಟ್ಟ. ಅವನ ವಂಶದಲ್ಲಿ ಒಣಬಟ್ಟೆಯಲ್ಲಿ ಸಂಬಳ ತೆಗೆದುಕೊಂಡವರು ಅದುವರೆಗೆ ಇರಲಿಲ್ಲ.

ಮಂಡಳಿಗೆ ಕಚೇರಿ ಬೇಕಾಯಿತು. ಏರಿಯ ಒಂದು ತುದಿಯಲ್ಲಿ ಕೋಡಿ ಇತ್ತು, ಕೆರೆ ತುಂಬಿದರೆ ಹೆಚ್ಚಿನ ನೀರು ತಾನೇ ತಾನಾಗಿ ಹರಿದುಹೋಗುವ ತಗ್ಗು. ಅಲ್ಲಿಂದ ಸೂರ್ಯಾಸ್ತ ಬಹಳ ರಮ್ಯವಾಗಿ ಕಾಣುತ್ತದೆಂದು ಒಂಬತ್ತು ಸಭೆಗಳಲ್ಲಿ ತೀರ್ಮಾನವಾಗಿ, ಕೋಡಿಯನ್ನು ಮುಚ್ಚಿ ಅದರ ಮೇಲೆಯೇ ಕಚೇರಿ ಕಟ್ಟಿದರು. ರಂಗನಾಯಕಿ ಬೇಡ ಬೇಡ ಎಂದು ಮೂರು ವರದಿ ಬರೆದಳು. ಮೂರಕ್ಕೂ ಉತ್ತಮ ವರದಿ ಪ್ರಶಸ್ತಿ ಬಂತು.

ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ನೀರು ಏರಿಯ ತಲೆಯಿಂದ ಒಂದು ಮೊಳ ಕೆಳಗಿತ್ತು. ಏರಿಯ ಕೆಳಗೆ ಗಾರೆಕೇರಿ, ಮುನ್ನೂರು ಮನೆ, ಅದರಲ್ಲಿ ಈರಬೋರಯ್ಯನದೂ ಒಂದು. ನಲವತ್ತು ನಿರ್ವಾಹಕರು ಕೊಡೆ ಹಿಡಿದು ತುರ್ತುಸಭೆ ಸೇರಿ, ನೀರಿನ ಏರಿಕೆಯನ್ನು ಪ್ರಗತಿ ಎಂದು ಕರೆಯಬಹುದೇ ಎಂದು ಚರ್ಚಿಸುತ್ತಿದ್ದರು. ಅಷ್ಟರಲ್ಲಿ ಈರಬೋರಯ್ಯ ಕೋಲೂರಿಕೊಂಡು ಏರಿ ಹತ್ತಿ ಬಂದು, ಯಾರಿಗೂ ಹೇಳದೆ ಅಂಗಿ ಬಿಚ್ಚತೊಡಗಿದ.

ರಂಗನಾಯಕಿ ಓಡಿಬಂದು ಅವನ ರಟ್ಟೆ ಹಿಡಿದಳು. ಅವನು ಕೊಸರಿಕೊಂಡ.

"ಬಿಡು ಮಗ. ನಿನ್ನ ಓದ್ಸಿದ್ದು ನೀರಿಗೆ ಬೀಳ್ಲಿ ಅಂತ ಅಲ್ಲ."

"ಆ ಕಾಲಲ್ಲಿ ಇಳಿದ್ರೆ ನೀನು ಮೇಲೆ ಬರಲ್ಲ ಅಪ್ಪಯ್ಯ."

"ನಾನೊಬ್ನೇ ಹೋಯ್ತೀನಿ. ನಿನ್ನ ಪದವಿ ಹೋದ್ರೆ ಎರಡು ವರ್ಸ ಗಂಜಿ ಕುಡ್ದು ಓದ್ಸಿದ್ದೆಲ್ಲ ಹೋಯ್ತದೆ."

ಅವಳು ನಿಲುವಂಗಿ ಬಿಚ್ಚಿ ಅಪ್ಪನ ಹೆಗಲಿಗೆ ಹಾಕಿ ನೀರಿಗೆ ಹಾರಿದಳು. ಹೊರಹರಿವು ನಿರ್ವಾಹಕ ದಡದಿಂದ, ಶಾಸನ ಶಾಸನ ಎಂದು ನೆನಪಿಸಿದ. ಒಮ್ಮೆ ಮುಳುಗಿ ಬರಿಗೈಲಿ ಎದ್ದಳು. ಎರಡನೆಯ ಸಲವೂ ಬರಿಗೈ. ಮೂರನೆಯ ಸಲ ಮುಳುಗಿದವಳು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಏರಿಯ ಆಚೆ ಕಾಲುವೆಯಲ್ಲಿ ನೀರು ಭೋರೆಂದಿತು. ಕಂಬದ ಪಕ್ಕದಲ್ಲಿ ಅವಳ ತಲೆ ಕಂಡಿತು. ಹಣೆ ಒಡೆದು ರಕ್ತ ಸೋರುತ್ತಿತ್ತು. ಗಾರೆಕೇರಿ ಉಳಿಯಿತು.

ನೀವು ಸನ್ಮಾನ ಎಂದುಕೊಂಡಿರಿ, ಅಲ್ಲವೇ? ಆಸ್ಥಾನ ಸೇರಿತು. ಕೆರೆ ಒಡೆಯಲಿಲ್ಲ, ಕೆರೆಗೆ ಮಂಡಳಿಯಿತ್ತು, ಆದ್ದರಿಂದ ಮಂಡಳಿಯಿಂದಲೇ ಕೆರೆ ಒಡೆಯಲಿಲ್ಲವೆಂದು ಮೃದುವಚನರು ನಿರೂಪಿಸಿದರು. ಇದೇ ತತ್ತ್ವದ ಮೇಲೆ ರಾಜ್ಯದ ಉಳಿದ ಮೂವತ್ತಾರು ಕೆರೆಗಳಿಗೂ ಮಂಡಳಿ ಮಂಜೂರಾಯಿತು, ಮೂವತ್ತಾರು ನೀರಗಂಟಿಗಳು ಮನೆಗೆ ಹೋದರು, ಕೋಡಿಗಳ ಮೇಲೆ ಮೂವತ್ತಾರು ಕಚೇರಿಗಳಿಗೆ ಗುದ್ದಲಿಪೂಜೆ ನಡೆಯಿತು. ರಂಗನಾಯಕಿ ಕೈ ಒದ್ದೆ ಮಾಡಿಕೊಂಡಿದ್ದಕ್ಕೆ ಸಾಕ್ಷಿ ಬೇಕಿರಲಿಲ್ಲ, ಪದವಿ ರದ್ದಾಯಿತು. ಅವಳಿಂದ ಮಲಿನವಾದ ಪ್ರಭುಗಳ ಪದವಿಯನ್ನು ಹಿಂಪಡೆದು ಅದರ ಬದಲು ಒಂದು ಡಾಕ್ಟರೇಟ್ ಕೊಡಲಾಯಿತು. ಇನ್ನು ಮುಂದೆ ಇಂಥ ದುರ್ಘಟನೆ ನಡೆಯಬಾರದೆಂದು ಹೊಸ ಶಾಸನವೂ ಹೊರಟಿತು: ಸ್ನಾತಕೋತ್ತರ ಪದವಿಯಿಲ್ಲದವರು ಯಾವ ಕೆರೆಯ ಏರಿಯನ್ನೂ ಹತ್ತಕೂಡದು.

ಹೀಗೆ ಪದವಿ ಇದ್ದವರು ನೀರು ಮುಟ್ಟುವಂತಿಲ್ಲ, ಪದವಿ ಇಲ್ಲದವರು ಏರಿ ಹತ್ತುವಂತಿಲ್ಲ. ನನಗೆ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ, ಆದರೆ ಸುವ್ಯವಸ್ಥಾಪುರದ ವಿದ್ವಾಂಸರು ಇದರ ಸಮತೋಲನವನ್ನು ಕೊಂಡಾಡಿ ಗ್ರಂಥ ಬರೆದರು.

ಮರುವರ್ಷ ಆಶ್ಲೇಷಾ ಮಳೆಗೆ ಹೊನ್ನಗೆರೆಯ ಕೆರೆ ತುಂಬಿತು. ಸುದ್ದಿ ಕೇಳಿದ ರಂಗನಾಯಕಿ ಎಂಟು ಹರಿದಾರಿ ಗಾಡಿಯಲ್ಲಿ ಹೋದಳು. ಏರಿಯ ಬುಡದಲ್ಲಿ ಕಾವಲಿನವನು ಅಡ್ಡ ನಿಂತು ಪದವಿಪತ್ರ ಕೇಳಿದ. ಅವಳು ಇಲ್ಲವೆಂದಳು. ಕಾವಲಿನವನು ಒಳ್ಳೆಯವನೇ, ಅವನ ಮನೆಯೂ ಏರಿಯ ಕೆಳಗಿತ್ತು. ಅವನು ಬೇಡಿಕೊಂಡ: "ಯಾರನ್ನಾದ್ರೂ ಕೇಳ್ಕೊಂಡು ಬರ್ತೀನಿ, ಇಲ್ಲೇ ನಿಂತಿರವ್ವ." ಅವನು ಕಾವಲಿನವರಿಗಿದ್ದ ವಿನಾಯಿತಿಯ ಮೇಲೆ ಮಂಡಳಿಯ ಕಚೇರಿಗೆ ಹತ್ತಿ ಹೋದ. ಸಭೆ ನಡೆಯುತ್ತಿತ್ತು. ನಡುವೆ ಮಾತಾಡುವಂತಿಲ್ಲವಾದ್ದರಿಂದ ಮೂಲೆಯಲ್ಲಿ ಕೈಕಟ್ಟಿ ನಿಂತ. ಅವಳು ಕಾದು ಕಾದು, ಹಾಳಾಗಿ ಹೋಗಲಿ ಎಂದು ನುಗ್ಗಿ ಏರಿಯ ಅರ್ಧ ಹತ್ತುವಷ್ಟರಲ್ಲಿ ಕಾಲ ಕೆಳಗಿನ ನೆಲ ಸಡಿಲವಾಯಿತು. ಮಣ್ಣಿನೊಂದಿಗೆ ಉರುಳಿದವಳು ಹುಣಸೆಮರಕ್ಕೆ ಸಿಕ್ಕಿ ಬದುಕಿದಳು. ಹೊನ್ನಗೆರೆ ಬದುಕಲಿಲ್ಲ. ಏರಿಯ ತುದಿಯ ಕಚೇರಿಯಲ್ಲಿದ್ದ ನಿರ್ವಾಹಕರಿಗೆ ಮಾತ್ರ ಒಂದು ಹನಿಯೂ ತಾಗಲಿಲ್ಲ. ಆ ತಿಂಗಳಲ್ಲಿ ಇನ್ನೂ ನಾಲ್ಕು ಕೆರೆ ಹೋದವು.

ಆಗ ಆಶ್ಚರ್ಯವೊಂದು ನಡೆಯಿತು. ಪ್ರವಾಹ ನಿರ್ವಾಹಕರು ಬೇಕಾದರು, ಗಂಜಿಕೇಂದ್ರ ಸಮನ್ವಯಕಾರರು ಬೇಕಾದರು, ಕೊಚ್ಚಿಹೋದ ದನಗಳ ದತ್ತಾಂಶ ವಿಶ್ಲೇಷಕರು ಬೇಕಾದರು, ಸಂತ್ರಸ್ತರ ತೃಪ್ತಿಯ ಸಮೀಕ್ಷೆ ಮಾಡುವವರು ಬೇಕಾದರು. ಆಲದ ಕಟ್ಟೆ ಒಂದೇ ವಾರದಲ್ಲಿ ಖಾಲಿಯಾಯಿತು. ನಾಲ್ಕು ಸಾವಿರ ಸ್ನಾತಕೋತ್ತರರಲ್ಲಿ ಒಬ್ಬನೂ ನಿರುದ್ಯೋಗಿಯಾಗಿ ಉಳಿಯಲಿಲ್ಲ. ಉದ್ಯೋಗಸೃಷ್ಟಿಗಾಗಿ ಪ್ರಭುಗಳಿಗೆ ಆನೆಯ ಮೇಲೆ ಮೆರವಣಿಗೆ ಆಯಿತು, ಮೆರವಣಿಗೆಗಾಗಿ ಪ್ರತಿ ಮನೆಯಿಂದಲೂ ಒಂದು ಸೇರು ಅಕ್ಕಿ ಎತ್ತಲಾಯಿತು, ಮನೆ ಇಲ್ಲದವರಿಂದ ಅರ್ಧ ಸೇರು.

ಗುರುಕುಲದಲ್ಲಿ ಆ ವರ್ಷ ಸೀಟುಗಳನ್ನು ಎರಡರಷ್ಟು ಮಾಡಿದರು. ಪ್ರವೇಶದ ದಿನ ಬೆಳಗ್ಗೆಯೇ ಬಾಗಿಲ ಮುಂದೆ ಒಂದು ಸಾಲು. ಅದರ ಮೊದಲಲ್ಲಿ ಹೊನ್ನಗೆರೆಯವರು, ಮನೆ ಮಠ ದನ ಕರು ಎಲ್ಲ ಕಳೆದುಕೊಂಡವರು, ಒದ್ದೆ ಕಂಬಳಿ ಹೊದ್ದು, ಮಕ್ಕಳ ಕೈ ಹಿಡಿದು ನಿಂತಿದ್ದರು. ರಂಗನಾಯಕಿ ಅವರ ಪಕ್ಕ ನಿಂತು, ಈಜು ಕಲಿಸುತ್ತೇನೆ, ನನ್ನ ಹತ್ತಿರ ಕಳಿಸಿ ಎಂದು ಗೋಗರೆದಳು. ಅವರು ಅವಳ ಹಣೆಯ ಗಾಯದ ಕಲೆಯನ್ನು ನೋಡಿದರು, ಪಾಪ ಒಳ್ಳೆಯ ಹುಡುಗಿ ಎಂದರು, ಸಾಲು ಮಾತ್ರ ಬಿಡಲಿಲ್ಲ. ಅಷ್ಟು ದೊಡ್ಡ ಪ್ರವಾಹದಲ್ಲಿ ಒದ್ದೆಯಾಗದೆ ಉಳಿದವರು ಯಾರೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.