ಕಫೀಲನ ಒಂದು ಚೀಟಿಗಾಗಿ

ಪರದೇಶದಲ್ಲಿ ಒಬ್ಬ ಮಾಲಕನನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಹೋಗಲು ಹೊರಟವನಿಗೆ ಇಂಥ ಎಡವಟ್ಟುಗಳು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ. ಆಗುವಾಗ ಬರುವುದು ಅಳು. ನಗು ಬರುವುದು ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಹೇಳುವಾಗ.

ನಾನು ದೋರನಹಳ್ಳಿಯವನು. ನಮ್ಮ ಕಡೆ ಕಾಲುವೆ ತೋಡುವಾಗ ಬುಲ್ಡೋಜರ್ ಓಡಿಸಲು ಕಲಿತೆ. ಆ ಕೈಕೆಲಸವನ್ನೇ ನಂಬಿ ಸೌದಿಗೆ ಹೋದೆ. ಅಲ್ಲಿ ವೀಸಾ ಕೊಟ್ಟು ಕರೆಸಿಕೊಂಡ ಮಾಲಕನಿಗೆ ಕಫೀಲ್ ಅನ್ನುತ್ತಾರೆ. ನನ್ನ ಕಫೀಲ ಒಳ್ಳೆಯವನೇ, ಆದರೆ ರಜೆ ಮೂರು ವರ್ಷಕ್ಕೊಮ್ಮೆ. ನಾನು ಊರು ಬಿಡುವಾಗ ಹೆಂಡತಿ ಬಸುರಿ; ಮಗಳನ್ನು ಫೋಟೋದಲ್ಲಷ್ಟೇ ನೋಡಿದ್ದೆ. ಹೀಗಿರುವಾಗ ಇನ್ನೊಂದು ಕಂಪನಿಯವರು, ‘ನಮ್ಮಲ್ಲಿ ಬಾ, ವರ್ಷವರ್ಷವೂ ಊರಿಗೆ ಕಳಿಸುತ್ತೇವೆ’ ಅಂದರು. ಹೋಗಬೇಕಾದರೆ ‘ಇವನನ್ನು ಬಿಟ್ಟುಕೊಟ್ಟಿದ್ದೇನೆ’ ಅನ್ನುವ ಕಫೀಲನ ರಿಲೀಸ್ ಚೀಟಿ ಬೇಕು. ಅಲ್ಲಿಂದ ಶುರುವಾಯಿತು.

ಕಾಗದದಲ್ಲಿದ್ದ ಕೆಲಸ

ಹೊಸ ಕಂಪನಿಯ ಗುಮಾಸ್ತ ನನ್ನ ಕಾಗದ ಓದಿ ಕನ್ನಡಕ ತೆಗೆದ. ‘ಮಿಯಾಂ, ಇದರಲ್ಲಿ ನೀನು ಕುರಿ ಕಾಯುವವನು ಅಂತಿದೆಯಲ್ಲ!’

ನನ್ನನ್ನು ಸೌದಿಗೆ ಕಳಿಸಿದ ಮುಂಬೈ ಏಜೆಂಟನ ಕೈಯಲ್ಲಿ ಆಗ ಅದೇ ವೀಸಾ ಇತ್ತಂತೆ, ಅದರ ಮೇಲೇ ವಿಮಾನ ಹತ್ತಿಸಿಬಿಟ್ಟಿದ್ದ. ಅರಬ್ಬಿ ಬಾರದ ನಾನು ಎರಡು ವರ್ಷ ಸರಕಾರದ ಲೆಕ್ಕದಲ್ಲಿ ಬುಲ್ಡೋಜರ್ ಮೇಲೆ ಕೂತು ಕುರಿ ಕಾಯುತ್ತಿದ್ದೆ. ‘ಕುರಿಯವನನ್ನು ಮಷಿನ್ನಿಗೆ ತಗೊಳ್ಳೋಕಾಗಲ್ಲ. ಮೊದಲು ಕೆಲಸದ ಹೆಸರು ಬದಲಿಸಿಕೊಂಡು ಬಾ’ ಅಂದ. ಅದಕ್ಕೂ ಕಫೀಲನದೇ ಸಹಿ ಬೇಕು.

ಸಂಕಟ ತಡೆಯದೆ ಮನೆಗೆ ಬರೆದೆ. ಕುರಿ ಸಾಕಿಯೇ ನಮ್ಮನ್ನು ಬೆಳೆಸಿದ ಅಪ್ಪ ಯಾರ ಕೈಯಿಂದಲೋ ಉತ್ತರ ಬರೆಸಿದ: ‘ಮನ್ಯಾಗಿನ ಕುರಿ ಕಾಯೂದು ಬ್ಯಾಡಂತ ಬುಲ್ಡೋಜರ್ ಕಲತಿ. ಈಗ ಸಮುದ್ರ ದಾಟಿ ಕುರಿ ಕಾಯಾಕತ್ತೀಯಂತ. ನಮ್ಮ ಕುರಿ ನಿನಗೇನ್ ಅನ್ಯಾಯ ಮಾಡಿದ್ದವೋ?’

‘ಮಾ’

ಕಫೀಲನನ್ನೇ ಕೇಳಿಬಿಡೋಣ ಅಂತ ನಮ್ಮ ಬಿಡಾರದ, ಅರಬ್ಬಿ ಬಲ್ಲ ಅಡುಗೆಯವನಿಂದ ಎರಡು ಅರಬ್ಬಿ ಮಾತು ಕಲಿತೆ. ‘ಅಬ್ಗಾ ಅರೂಹ್’, ಅಂದರೆ ನಾನು ಹೋಗಬೇಕು. ವಾರವಿಡೀ ಮಷಿನ್ ಮೇಲೆ ಕೂತು ಅದನ್ನೇ ಜಪಿಸಿದೆ.

ಎದುರಿಗೆ ನಿಂತಾಗ ಅವ್ವನ ನೆನಪಾಯಿತು. ಮೊದಲು ಅವ್ವನ ಸುದ್ದಿ ಹೇಳೋಣ ಅಂತ ನಮ್ಮ ಕಡೆಯ ಉರ್ದುವಿನಲ್ಲಿ ‘ಮಾ…’ ಅಂದೆ. ಇವನಿಗೆ ಉರ್ದು ಬಾರದು ಅಂತ ಆಗ ಹೊಳೆಯಿತು. ಕಲಿತದ್ದನ್ನಾದರೂ ಹೇಳಿಬಿಡೋಣ ಅಂತ ‘ಅಬ್ಗಾ ಅರೂಹ್’ ಅಂದೆ. ಕಣ್ಣಲ್ಲಿ ನೀರು ಬೇರೆ.

ಕಫೀಲ ಎದ್ದು ಬಂದು ತಬ್ಬಿಕೊಂಡ. ಅವನ ಕಣ್ಣಲ್ಲೂ ನೀರು. ಒಂದು ಡಬ್ಬಿ ಖರ್ಜೂರ ಕೊಟ್ಟು ಕಳಿಸಿದ. ಚೀಟಿ ಮಾತ್ರ ಕೊಡಲಿಲ್ಲ.

ಅಡುಗೆಯವನು ಕೇಳಿ ತಲೆ ಚಚ್ಚಿಕೊಂಡ. ‘ಅರಬ್ಬಿಯಲ್ಲಿ ಮಾ ಅಂದರೆ ಅವ್ವ ಅಲ್ಲಪ್ಪಾ, ಇಲ್ಲ ಅಂತ! ನಿನ್ನ ಬಿಟ್ಟು ನಾನು ಹೋಗಲ್ಲ ಅಂತ ಅತ್ತು ಬಂದಿದ್ದೀಯ!’

ಫೇಲು

ಶುಕ್ರವಾರಕ್ಕೊಮ್ಮೆ ಶಹಾಪುರದ ಫೋನ್ ಬೂತಿಗೆ ಅವ್ವ, ಹೆಂಡತಿ ಬಸ್ಸು ಹತ್ತಿ ಬರುತ್ತಿದ್ದರು. ಆ ವಾರ ಅವ್ವ ಫೋನು ಹಿಡಿದಿದ್ದಳು.

‘ಯವ್ವಾ, ಕಫೀಲ್ ಬಿಡವಲ್ಲ’ ಅಂದೆ.

‘ಏನಂದಿ? ಫೇಲಾದಿ?’

‘ಫೇಲಲ್ಲಬೇ, ಕಫೀಲ್!’

‘ಆಗಲಿ ಬಿಡಪಾ. ಶಾಲ್ಯಾಗೂ ಎರಡು ಸಲ ಫೇಲಾಗಿದ್ದಿ. ಆವಾಗ ಸೀದಾ ಮನಿಗೇ ಬರ್ತಿದ್ದಿಲ್ಲ? ಈಗೂ ಬಾ. ರೊಟ್ಟಿ ಬಡದಿಟ್ಟಿರ್ತೀನಿ.’

ಫೋನು ಕಟ್ಟಾದ ಮೇಲೂ ನಾನು ಅದನ್ನು ಕಿವಿಯಿಂದ ತೆಗೆಯಲಿಲ್ಲ. ಇತ್ತ ಸೌದಿಯ ಬೂತಿನ ಸಾಲಿನಲ್ಲಿ ನನ್ನ ಹಿಂದಿದ್ದ ಪಠಾಣ, ‘ಯಾಕೆ ಅಳ್ತಿದ್ದೀ?’ ಅಂದ. ಹೇಳಿದೆ. ಆರಡಿ ಆಳು, ಅವನೂ ಕಣ್ಣೊರೆಸಿಕೊಂಡ. ‘ನಮ್ಮ ಊರಲ್ಲಿ ಫೋನಿಲ್ಲ. ನಿಮ್ಮ ಅವ್ವನ ನಂಬರು ನನಗೂ ಕೊಡು’ ಅಂದ.

ಒಂದು ಫಾರಂ

ಕೊನೆಗೆ ಅಡುಗೆಯವನೇ ಕಫೀಲನಿಗೆ ಎಲ್ಲ ಬಿಡಿಸಿ ಹೇಳಿದ. ಆತ ಹೊಟ್ಟೆ ಹಿಡಿದು ನಕ್ಕ. ‘ಇಲ್ಲಿದ್ದಂತೆಯೇ ಇನ್ನೊಂದು ಕಂಪನಿಗೆ ಬಿಟ್ಟುಕೊಡಲ್ಲ. ಊರಿಗೆ ಹೋಗು. ಬೇಕಿದ್ದರೆ ಅವರು ಹೊಸ ವೀಸಾ ಮೇಲೆ ಕರೆಸಿಕೊಳ್ಳಲಿ’ ಅಂದ. ಬಂದುಬಿಟ್ಟೆ.

ತಿಂಗಳೊಳಗೆ ಹೊಸ ಕಂಪನಿಯ ಫಾರಂ ಬಂತು. ಆದರೆ ನಾನು ಮತ್ತೆ ಹೋಗಲಿಲ್ಲ. ಆ ಫಾರಂ ಕೆಟ್ಟು, ಇನ್ನೊಂದು ಬರುವಷ್ಟರಲ್ಲಿ ವೀಸಾದ ಅವಧಿಯೇ ಮುಗಿದಿತ್ತು. ಕೆಟ್ಟದ್ದು ಹೀಗೆ.

ತುಂಬಿಸಲು ಊರ ಶಾಲೆಯ ಮಾಸ್ತರರನ್ನು ಕರೆದಿದ್ದೆ. ಬಹಳ ಶಿಸ್ತಿನ ಮನುಷ್ಯರು, ಹೇಳಿದ್ದನ್ನು ಹೇಳಿದಂತೆಯೇ ಬರೆಯುವವರು. ನಾನು ಅವರಿಗೆ ನೀರು ತರಲು ಒಳಗೆ ಹೋದೆ.

‘ಹಳೇ ಮಾಲಕನ್ನ ಬಿಟ್ಟ ಕಾರಣ?’ ಅಂತ ಮಾಸ್ತರರು ಜೋರಾಗಿ ಓದಿದರು.

‘ಅವನ ಅವ್ವ ಕರದಾಳಂತ ಬರೀರಿ’ ಅಂದಳು ಅವ್ವ.

‘ಹೊಸ ಮಾಲಕರ ಹೆಸರು?’

ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ಎರಡು ವರ್ಷದಲ್ಲಿ ಒಂದು ಸಲವೂ ‘ಬಾ’ ಅಂತ ಬಾಯಿಬಿಟ್ಟು ಕೇಳದವಳು, ಮೆಲ್ಲಗೆ ಅಂದಳು: ‘ನನ್ನ ಹೆಸರು ಬರೀರಿ ಸರ್.’

‘ಕರಾರು ಎಂದಿನಿಂದ ಎಂದಿನತನಕ?’

‘ತಾಳಿ ಕಟ್ಟಿದ ದಿನದಿಂದ್ರಿ. ಮುಗಿಯೂ ತಾರೀಖು ಅವರೂ ಕೇಳಿಲ್ಲ, ನಾನೂ ಹೇಳಿಲ್ಲ.’

ನಾನು ನೀರು ಹಿಡಿದು ಹೊರಗೆ ಬಂದೆ. ಮಾಸ್ತರರು ಶಾಯಿ ಪೆನ್ನಿನಲ್ಲಿ ಎಲ್ಲ ಬರೆದು ಮುಗಿಸಿ, ಫಾರಂ ಅವಳ ಮುಂದಿಟ್ಟು ಹೇಳುತ್ತಿದ್ದರು:

‘ಮಾಲಕರು ಇಲ್ಲಿ ಸಹಿ ಮಾಡ್ರಿ.’