ಅಕ್ಕಿಯಲ್ಲಿ ಸಿಕ್ಕ ಕಲ್ಲು

ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವನು ಕಲ್ಲು ನೋಡಿ ಬೆರಗಾದೆ ಎಂದರೆ, ಅವನ ನೆತ್ತಿಗೆ ಬಿಸಿಲು ಏರಿದೆ ಎಂದೇ ಜನ ತಿಳಿಯುತ್ತಾರೆ. ಅವರದೇನೂ ತಪ್ಪಿಲ್ಲ. ಮುಂಬಾಗಿಲು ತೆರೆದರೆ ಗುಡ್ಡ, ಹಿತ್ತಲ ಬಾಗಿಲು ತೆರೆದರೆ ಬಂಡೆ. ಬ್ರೂಸ್‌ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ನಾನೂ ಐವತ್ತು ದಾಟುವವರೆಗೆ ಕಲ್ಲನ್ನು ನೋಡಿದ್ದು ಎಡವಿದಾಗ ಮಾತ್ರ. ಆಗಲೂ ಕಲ್ಲಿಗಿಂತ ಕಾಲಿನ ಹೆಬ್ಬೆರಳನ್ನೇ ಹೆಚ್ಚು ನೋಡಿದ್ದೆ. ಅಂಥವನು ಈಗ ಕಲ್ಲು ಕಂಡಲ್ಲೆಲ್ಲ ಬೋರಲು ಮಲಗಿಬಿಡುತ್ತೇನೆ. ಏನು ಮಾಡಲಿ, ಕುತೂಹಲ ಎನ್ನುವುದು ಕಜ್ಜಿ ಇದ್ದ ಹಾಗೆ, ಕೆರೆದಷ್ಟೂ ಹಿತ.

ಈ ಕಜ್ಜಿ ಅಂಟಿದ್ದು ಕೌಲ್ ಬಜಾರಿನಲ್ಲಿ. ವಾಚು ರಿಪೇರಿಗೆ ಕೊಟ್ಟು ಕಾಯುತ್ತಾ ಕೂತಿದ್ದೆ. ಹೊತ್ತು ಹೋಗದೆ, ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಇಸಿದುಕೊಂಡು, ನನ್ನ ಚಪ್ಪಲಿಯ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹರಳನ್ನು ನೋಡಿದೆ. ಅಬ್ಬಬ್ಬಾ! ಗುಲಾಬಿ ಬಣ್ಣದ ಗೋಡೆ, ಅದರಲ್ಲಿ ಕಪ್ಪು ಕಿಟಕಿಗಳು, ನಡುನಡುವೆ ಗಾಜಿನ ಮಿಂಚು. ಇಷ್ಟು ದಿನ ಇಂಥ ಅರಮನೆಗಳನ್ನು ಮೆಟ್ಟಿಕೊಂಡು ಓಡಾಡಿದೆನಲ್ಲ ಎಂದು ನಾಚಿಕೆಯೇ ಆಯಿತು. "ಹುಷಾರ್ ಸಾಹೇಬ್ರ, ಇದ್ರಾಗ ನೋಡಿದ್ರ ಧೂಳೂ ಜಹಗೀರಾಗಿ ಕಾಣ್ತೈತಿ," ಎಂದು ಅವನು ನಕ್ಕ. ಆ ಎಚ್ಚರಿಕೆ ನನ್ನ ತಲೆಗೆ ಹೋಗಲಿಲ್ಲ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ತರಿಸಿಬಿಟ್ಟೆ. ಅಂಗಿಯ ಗುಂಡಿಗಿಂತ ತುಸು ದೊಡ್ಡದು, ಆದರೆ ಸಾಸಿವೆಯನ್ನೂ ಕುಂಬಳಕಾಯಿ ಮಾಡಿ ತೋರಿಸುತ್ತದೆ.

ಭಾನುವಾರ ಅಂಗಡಿಗೆ ರಜೆ. ನೆಟ್ಟಗೆ ಕುರುಗೋಡಿಗೆ ಹೋದೆ. ಗುಡ್ಡದ ಬುಡದಲ್ಲಿ ಬೋರಲು ಬಿದ್ದು, ಉಸಿರು ಬಿಗಿಹಿಡಿದು ಫೋಟೋ ತೆಗೆಯುತ್ತಿದ್ದಾಗ ಕುರಿ ಕಾಯುವ ಅಜ್ಜನೊಬ್ಬ ಬಂದು ನಿಂತ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬಗ್ಗುವವರು ಎರಡೇ ಬಗೆ, ಭಕ್ತರು ಇಲ್ಲವೇ ಗಣಿಯವರು.

"ಏನ್ರಿ, ಅದುರು ಐತೇನು ಇಲ್ಲಿ?" ಎಂದು ಕೇಳಿದ.

"ಇಲ್ಲಜ್ಜ, ಫೋಟೋ ತೆಗಿಯಾಕ ಹತ್ತೀನಿ."

"ಯಾರ್ದು?"

"ಕಲ್ಲಿಂದು."

ಅಜ್ಜ ಗುಡ್ಡದ ಕಡೆ ಕೈ ತೋರಿಸಿದ. "ಇಷ್ಟು ದೊಡ್ಡದು ಎದುರಿಗೇ ಕುಂತೈತಿ, ಅದನ್ನ ಬಿಟ್ಟು ಚೂರು ಹುಡುಕ್ತೀರಲ್ರಿ!" ಒಂದಷ್ಟು ಗುಲಾಬಿ ಹರಳುಗಳನ್ನು ಗುಳಿಗೆ ಡಬ್ಬಿಗೆ ತುಂಬಿಕೊಂಡು ಮನೆಗೆ ಬಂದೆ.

ಇನ್ನು ನನ್ನ ಹೆಂಡತಿ ಸುಮಂಗಲೆಯ ವಿಷಯ. ಅವಳ ತವರು ಸಿರುಗುಪ್ಪದ ಕಡೆ ಕರೂರು, ಭತ್ತದ ಸೀಮೆ. ತಮ್ಮ ವೀರೇಶ ವರ್ಷಕ್ಕಾಗುವಷ್ಟು ಸೋನಾಮಸೂರಿ ತಂದು ಹಾಕುತ್ತಾನೆ. ಅದು ಬರೀ ಅಕ್ಕಿಯಲ್ಲ, ಅವಳ ಮಾನ. "ನಮ್ ತವರಿನ ಅಕ್ಯಾಗ ಒಂದ್ ಹರಳು ತೋರಿಸ್ರಿ, ನಿಮ್ಮನಿ ಮುಸುರಿ ತಿಕ್ತೀನಿ," ಎಂದು ಓಣಿಯ ಹೆಂಗಸರಿಗೆಲ್ಲ ಅವಳ ಸವಾಲು. ಈವರೆಗೆ ಯಾರ ಮುಸುರೆಯನ್ನೂ ತಿಕ್ಕುವ ಪ್ರಸಂಗ ಬಂದಿಲ್ಲ.

ಫೋಟೋದವರು ಕಲ್ಲಿನ ಅಳತೆ ತಿಳಿಯಲೆಂದು ಪಕ್ಕದಲ್ಲಿ ನಾಣ್ಯ ಇಡುತ್ತಾರಂತೆ. ನನಗೆ ಅದಕ್ಕಿಂತ ಒಳ್ಳೆಯ ಉಪಾಯ ಹೊಳೆಯಿತು. ಅಕ್ಕಿಕಾಳಿನ ಅಳತೆ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಸುಮಂಗಲೆ ಮೊರದಲ್ಲಿ ಅಕ್ಕಿ ಹಾಕಿಟ್ಟು ನಲ್ಲಿ ನೀರು ಹಿಡಿಯಲು ಹೋಗಿದ್ದಳು. ಕಿಟಕಿಯ ಬಿಸಿಲು ಸರಿಯಾಗಿ ಮೊರದ ಮೇಲೆಯೇ ಬಿದ್ದಿತ್ತು. ಹರಳುಗಳನ್ನು ಅಕ್ಕಿಯ ಮೇಲೆ ಉದುರಿಸಿ, ಮನಸೋ ಇಚ್ಛೆ ಫೋಟೋ ತೆಗೆದು, ಮತ್ತೆ ಎಲ್ಲವನ್ನೂ ಆರಿಸಿ ಡಬ್ಬಿಗೆ ಹಾಕಿದೆ. ಎಲ್ಲವನ್ನೂ ಎಂದು ಆಗ ನಂಬಿದ್ದೆ. ಅದರಲ್ಲಿ ಒಂದು ಹರಳಿನ ಫೋಟೋ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ನನ್ನೊಳಗಿನ ಕವಿ ಎದ್ದು ಕೂತು "ಅಕ್ಕಿಯಲ್ಲಿ ಸಿಕ್ಕ ಚೆಲುವೆ" ಎಂದು ಶೀರ್ಷಿಕೆ ಕೊಟ್ಟ. ಅದನ್ನು ಮನೆಮಂದಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ಕರೂರಿನವರೆಲ್ಲ ಇದ್ದಾರೆ.

ಶುಭೋದಯ ಎಂದರೂ ಸಾಲುಸಾಲಾಗಿ ಕೈಮುಗಿಯುವ ಗುಂಪು ಅವತ್ತು ತೆಪ್ಪಗಿತ್ತು. ಕೊನೆಗೆ ಅತ್ತೆಯವರ ದನಿ ಬಂತು: "ಅಳಿಯಂದ್ರ, ಅಕ್ಕಿ ಸೇರಲಿಲ್ಲಂದ್ರ ಬಾಯಿಬಿಟ್ಟು ಹೇಳಬೇಕಿತ್ರಿ. ಹಿಂಗ ನಾಕ್ ಮಂದಿ ಮುಂದ ಫೋಟೋ ಹಾಕಬಾರದಾಗಿತ್ತು." ಫೋಟೋದಲ್ಲಿ ಆ ಹರಳು ಬಂಡೆಯಷ್ಟು ಕಾಣುತ್ತಿತ್ತು ಬೇರೆ. ಅವಸರದಲ್ಲಿ ಉತ್ತರ ಬರೆದೆ: "ಅದು ನಿಮ್ಮ ಅಕ್ಕಿಯ ಕಲ್ಲಲ್ಲ. ನಿಮ್ಮ ಅಕ್ಕಿಗೆ ನಾನೇ ಕಲ್ಲು ಹಾಕಿದ್ದು."

ಅನ್ನಕ್ಕೆ ಕಲ್ಲು ಹಾಕುವುದು ಎಂದರೆ ನಮ್ಮಲ್ಲಿ ಏನರ್ಥ ಎಂಬುದು ಕಳಿಸಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಸುಮಂಗಲೆ ಮೊಬೈಲು ಹಿಡಿದು ಎದುರಿಗೆ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು. "ತವರ್ಮನಿ ಮಾನ ಕಳಿಯಾಕ ನಿಮಗ ನನ್ ಮೊರಾನ ಬೇಕಾಗಿತ್ತೇನ್ರಿ?" ಎಂದವಳು ಮತ್ತೆ ಮಾತಾಡಲಿಲ್ಲ. ಅವಳು ಬೈದರೆ ನನಗೆ ಅಭ್ಯಾಸವಿದೆ. ಮಾತು ಬಿಟ್ಟರೆ ಮನೆಯೇ ಹಿಡಿಸುವುದಿಲ್ಲ. ರಾತ್ರಿಯ ಊಟ ಅವಲಕ್ಕಿಯಲ್ಲಿ ಮುಗಿಯಿತು, ಮೊರ ಹಾಗೆಯೇ ಮೂಲೆಯಲ್ಲಿ ಕೂತಿತು.

ಮರುದಿನ ಬೆಳಗಿನ ಬಸ್ಸಿಗೇ ವೀರೇಶ ಬಂದ. ಚಪ್ಪಲಿ ಬಿಡುವ ಮೊದಲೇ, "ಮಾವ, ಕಲ್ಲು ತೋರಿಸ್ರಿ ನೋಡೋಣು. ನಮ್ ಕಣದಾಗಿಂದಾದ್ರ ಇನ್ಮ್ಯಾಲೆ ಅಕ್ಕಿ ತರಂಗಿಲ್ಲ," ಎಂದ. ನಾನು ಡಬ್ಬಿ ತೆರೆದೆ. ಅವನು ಒಂದು ಹರಳನ್ನು ಅಂಗೈಯಲ್ಲಿಟ್ಟುಕೊಂಡು ಬಾಯಿ ತೆರೆದ.

"ಇಷ್ಟೇ ಏನ್ರಿ ಇದು? ನಾ ಇದನ್ನ ಹೊರಾಕ ಇಬ್ರು ಬೇಕಂತ ಮಾಡಿದ್ದೆ!"

ನಾನು ಕುರುಗೋಡಿನ ಕಥೆಯೆಲ್ಲ ಹೇಳಿ ಅವನ ಮೊಬೈಲಿಗೆ ಲೆನ್ಸ್ ಸಿಕ್ಕಿಸಿದೆ. ಸಿಟ್ಟು ಅರ್ಧ ಅಲ್ಲಿಯೇ ಇಳಿಯಿತು. ಕಲ್ಲು ನೋಡಿದ, ಉಗುರು ನೋಡಿದ, ಅಂಗಿಯ ನೂಲು ನೋಡಿದ, ಕೊನೆಗೆ ಮೊರದ ಅಕ್ಕಿಕಾಳೊಂದನ್ನು ನೋಡಿ ಕೂಗಿದ: "ಅಕ್ಕಾ, ಬಾ ಇಲ್ಲಿ! ನಮ್ಮಕ್ಕಿ ನೋಡು, ಮುತ್ತು ಇದ್ದಂಗ ಐತಿ!" ಸುಮಂಗಲೆ ಬೇಡಬೇಡವೆನ್ನುತ್ತಲೇ ಬಂದು ಇಣುಕಿದಳು. ಇಣುಕಿದವಳು ಬೇಗ ತಲೆ ಎತ್ತಲಿಲ್ಲ. ವೀರೇಶ ಗುಂಪಿಗೆ ದನಿ ಕಳಿಸಿದ: "ಅಕ್ಕಿದೇನೂ ತಪ್ಪಿಲ್ರಿ. ಎಲ್ಲಾ ಮಾವಾರ ಕಣ್ಣಿಂದು. ಕಲ್ಲು ಒಂದೂ ಬಿಡದಂಗ ಆರಿಸ್ಯಾರಂತ." ಸುಮಂಗಲೆ ಮೊರವೆತ್ತಿಕೊಂಡು ಒಳಗೆ ಹೋಗುತ್ತಾ, "ಊಟಕ್ಕ ಏಳ್ರಿ ಇನ್ನ," ಎಂದಳು. ಆ ಮೂರು ಮಾತಿಗೆ ನನ್ನ ಜೀವ ಬಂತು.

ಬಿಸಿ ಅನ್ನ, ಸಾರು, ತುಪ್ಪ. ಮೊದಲ ತುತ್ತು ಬಾಯಿಗಿಟ್ಟೆ.

ಕಟಕ್.

ವೀರೇಶನ ಕೈ ತಟ್ಟೆಯಲ್ಲೇ ನಿಂತಿತು. ಸುಮಂಗಲೆಯ ಸೌಟು ಗಾಳಿಯಲ್ಲಿ ನಿಂತಿತು. ಅದು ನನ್ನದೇ ಕುರುಗೋಡಿನ ಹರಳು, ನನಗೆ ಸಂದೇಹವೇ ಇಲ್ಲ. ಆದರೆ ಒಂದೂ ಬಿಡದೆ ಆರಿಸಿದ್ದೇನೆ ಎಂದು ಊರಿಗೆಲ್ಲ ಸಾರಿಸಿದ ಮೇಲೆ ಅದನ್ನು ಉಗಿದು ತೋರಿಸಿದರೆ ನಂಬುವವರು ಯಾರು? ಕರೂರಿನ ಕಣದ್ದೇ ಎನ್ನುತ್ತಾರೆ.

"ಏನ್ ಮಾವ, ಕಲ್ಲೇನು?"

"ಹಪ್ಪಳ," ಎಂದು ನುಂಗಿಬಿಟ್ಟೆ.

ಅವತ್ತು ಹಪ್ಪಳ ಕರಿದೇ ಇರಲಿಲ್ಲ. ವೀರೇಶ ನನ್ನ ತಟ್ಟೆ ನೋಡಿದ, ಅಕ್ಕನ ಮುಖ ನೋಡಿದ. ಸುಮಂಗಲೆ ಸೌಟು ಇಟ್ಟು ಒಳಗೆ ಹೋದಳು. ಒಲೆ ಹೊತ್ತಿದ ಸದ್ದು, ಎಣ್ಣೆ ಚುರ್ರೆಂದ ಸದ್ದು ಕೇಳಿತು. ಆಮೇಲೆ ಬಿಸಿ ಹಪ್ಪಳವೊಂದನ್ನು ತಂದು ನನ್ನ ತಟ್ಟೆಗೆ ಹಾಕಿ, "ನಿಮಗ ಮೊದಲ ಹಾಕಿದ್ನಲ್ರಿ, ತಮ್ಮಗ ಹಾಕಾದು ಮರ್ತಿದ್ದೆ," ಎಂದು ಅವನಿಗೂ ಒಂದು ಹಾಕಿದಳು. ಬಾಯಲ್ಲಿ ಹಲ್ಲು ಸಿಡಿಯುತ್ತಿದ್ದರೂ ಅಷ್ಟು ರುಚಿಯಾದ ಹಪ್ಪಳವನ್ನು ನಾನು ತಿಂದಿಲ್ಲ.

ಹಲ್ಲಿನ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು. ಅವರು ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಇಟ್ಟು, ಸೀಳಿದ ದವಡೆಹಲ್ಲನ್ನು ಪರದೆಯ ಮೇಲೆ ತೋರಿಸಿದರು. ಅಬ್ಬಾ, ಸಾಕ್ಷಾತ್ ಕುರುಗೋಡಿನ ಗುಡ್ಡ! ನಡುವೆ ಕಣಿವೆ, ಅಂಚಿನಲ್ಲಿ ಮಿಂಚು. ನೋವೆಲ್ಲ ಮರೆತು, "ಡಾಕ್ಟ್ರ, ಈ ಫೋಟೋ ನನಗ ವಾಟ್ಸ್ಯಾಪ್ ಮಾಡ್ತೀರೇನ್ರಿ?" ಎಂದು ಕೇಳಿದೆ. ಸುಮಂಗಲೆ ನನ್ನ ಕಿಸೆಯಿಂದ ಮೊಬೈಲು ಎತ್ತಿ ತನ್ನ ಚೀಲಕ್ಕೆ ಹಾಕಿ ಜಿಪ್ ಎಳೆದಳು. ಎಳೆದುಕೊಳ್ಳಲಿ. ಶೀರ್ಷಿಕೆ ಆಗಲೇ ಹೊಳೆದುಬಿಟ್ಟಿತ್ತು: "ಕಲ್ಲಿಗೆ ಸಿಕ್ಕ ಹಲ್ಲು."