ಭಾವನವರ ಹೆಸರು ಅಳಿಸಿದರೆ ಎಷ್ಟು ಇಳಿಯುತ್ತದೆ?

ಕಾರು ವಿಮಾ ಕಂಪನಿಯವರ ಪುಟದಲ್ಲಿ ಹಗಲಿರುಳೂ ರೆಪ್ಪೆ ಮುಚ್ಚದೆ, ಮುಗುಳ್ನಗೆ ಮಾಸದೆ ಕುಳಿತು, ಕೇಳಿದವರಿಗೆಲ್ಲ ಕ್ಷಣಮಾತ್ರದಲ್ಲಿ ಬೆಲೆ ಹೇಳುವ ಯಂತ್ರ ಸಹಾಯಕಿ ‘ಸಖಿ’ಯವರ ಸನ್ನಿಧಾನಕ್ಕೆ, ಬಣ್ಣ ಮಾಸಿದ ಬಿಳಿ ಕಾರೊಂದರ ಒಡತಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾವು ಇತ್ತ ಕ್ಷೇಮ. ತಾವೂ, ತಮ್ಮ ಒಳಗಿನ ತಂತಿಗಳೂ, ತಮಗೆ ಕರೆಂಟು ಪೂರೈಸುವ ಪುಣ್ಯವಂತರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನು ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವಳಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತು ಬಾಳು ಸವೆಸಿದವಳು, ಬಟ್ಟೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಓದಿ ಓದಿ ಅಕ್ಷರ ಕಲಿತವಳು. ಕಲಿತ ಅಕ್ಷರವನ್ನೆಲ್ಲ ಬಂಧುಗಳಿಗೆ ಕಾಗದ ಬರೆಯುವುದಕ್ಕೇ ಖರ್ಚು ಮಾಡಿದ್ದೇನೆ. ತಾವು ಬಂಧುವಲ್ಲ ನಿಜ, ಆದರೆ ಕಳೆದ ಕೆಲವು ವಾರಗಳಲ್ಲಿ ನನ್ನ ಕುಟುಂಬದ ಒಳಗುಟ್ಟುಗಳನ್ನು ತಾವು ವಿಚಾರಿಸಿದಷ್ಟು ನನ್ನ ಬೀಗರೂ ವಿಚಾರಿಸಿಲ್ಲವಾದ್ದರಿಂದ, ಆ ಸಲುಗೆಯಿಂದಲೇ ಈ ಪತ್ರ. ತಮಗೇ ಗುಟ್ಟಾಗಿ ಹೇಳಿಕೊಂಡಾಗಲೆಲ್ಲ ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ’ ಎಂದಿರಿ. ಹತ್ತು ಜನ ಓದುವಂತೆ ಬರೆದರೆ ಒಬ್ಬರಿಗಾದರೂ ಅರ್ಥವಾದೀತೆಂದು ಇದನ್ನು ಬಹಿರಂಗಪಡಿಸುತ್ತಿದ್ದೇನೆ, ತಪ್ಪು ತಿಳಿಯಬಾರದು.

ಮೊದಲು ನಮ್ಮ ಕಾರಿನ ವಿಷಯ. ನನ್ನ ಅಕ್ಕನಿಗೆ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಅವಳ ಗಾಲಿಕುರ್ಚಿ ಕಂಡರೆ ಬಾಡಿಗೆ ಕಾರಿನವರಿಗೆ ಏಕಾಏಕಿ ಬೇರೆ ಕಡೆ ತುರ್ತು ಕೆಲಸ ನೆನಪಾಗುತ್ತದೆ. ಆದ್ದರಿಂದ ನಮ್ಮ ಮುದಿ ಕಾರೇ ಗತಿ, ಅದಕ್ಕೆ ವಿಮೆ ಇದ್ದರೆ ಮಾತ್ರ ರಸ್ತೆ. ಮೊದಲೆಲ್ಲ ವಿಮೆಯ ಏಜೆಂಟರೊಬ್ಬರು ವರ್ಷಕ್ಕೊಮ್ಮೆ ಮನೆಗೆ ಬಂದು, ಚಹಾ ಕುಡಿದು, ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಈ ಸಲ ಫೋನು ಮಾಡಿದರೆ, “ನಾನು ನಿವೃತ್ತಿ ಆದೆ ಅಮ್ಮ. ಈಗ ಎಲ್ಲಾ ಯಂತ್ರದಲ್ಲೇ. ಚಹಾನೂ ಮಾಡೋ ಹಾಗಿಲ್ಲ, ನಿಮಗೆ ಉಳಿತಾಯ” ಎಂದು ನಕ್ಕರು. ಹೀಗೆ ನಾನು ತಮ್ಮ ಪಾದ ಸೇರಿದೆ.

ತಾವು ನನ್ನನ್ನು ಎಷ್ಟು ಆದರದಿಂದ ಬರಮಾಡಿಕೊಂಡಿರಿ! ಅಗ್ಗದ ವಿಮೆ ಬೇಕೆಂದು ಒಂದೇ ಸಾಲು ಕೇಳಿದ್ದಕ್ಕೆ ಮೂರು ಬಗೆಯನ್ನು ಹರವಿಟ್ಟಿರಿ. ಮೊದಲನೆಯದರಲ್ಲಿ, ನನ್ನ ಕಾರು ಬೇರೆಯವರಿಗೆ ಪೆಟ್ಟು ಮಾಡಿದರೆ ಅವರ ನಷ್ಟ ತುಂಬಿಕೊಡುತ್ತೀರಿ, ನನ್ನ ಕಾರು ಜಜ್ಜಿಹೋದರೆ ಅದು ನನ್ನ ಹಣೆಬರಹ. ಹೊಲಿಗೆಯವಳ ಭಾಷೆಯಲ್ಲಿ ಹೇಳುವುದಾದರೆ, ಇಸ್ತ್ರಿಯಿಂದ ಗಿರಾಕಿಯ ಕೋಟು ಸುಟ್ಟರೆ ದಂಡ ತಾವು ಕಟ್ಟುತ್ತೀರಿ, ನನ್ನ ಕೈ ಸುಟ್ಟರೆ ಮುಲಾಮು ನಾನೇ ತರಬೇಕು. ಎರಡನೆಯದರಲ್ಲಿ ಇದರ ಜೊತೆಗೆ ಕಾರು ಕಳುವಾದರೆ, ಬೆಂಕಿಗೆ ಆಹುತಿಯಾದರೆ ಹಣ ಕೊಡುತ್ತೀರಂತೆ. ನಮ್ಮ ಕಾರನ್ನು ಕದಿಯುವಷ್ಟು ಕಷ್ಟದಲ್ಲಿರುವ ಕಳ್ಳ ಯಾರಾದರೂ ಸಿಕ್ಕಿದರೆ ಪಾಪ, ನಾವೇ ಪೆಟ್ರೋಲು ಹಾಕಿಸಿ ಕಳುಹಿಸಿಕೊಡುವವರು, ಹೋಗಲಿ ಬಿಡಿ. ಮೂರನೆಯದರ ಹೆಸರು ‘ಸಂಪೂರ್ಣ’. ಆ ಪದದ ನೆತ್ತಿಯ ಮೇಲೆ ಒಂದು ಪುಟ್ಟ ನಕ್ಷತ್ರ. ಅದನ್ನು ಹಿಂಬಾಲಿಸಿ ಪುಟದ ತಳಕ್ಕೆ ಇಳಿದರೆ, ಸಂಪೂರ್ಣದಲ್ಲಿ ಏನೇನು ಇಲ್ಲವೆಂಬುದನ್ನು ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಸವಿಸ್ತಾರವಾಗಿ ತಿಳಿಸಿದ್ದಿರಿ. ಸೂಜಿಗೆ ಈಗಲೂ ಕನ್ನಡಕವಿಲ್ಲದೆ ದಾರ ಪೋಣಿಸುವ ನನಗೇ ಅದನ್ನು ಓದಲು ಭೂತಗನ್ನಡಿ ಬೇಕಾಯಿತೆಂದರೆ, ತಮ್ಮ ಕಸೂತಿ ಕೆಲಸವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಸವಕಳಿಯ ಪಾಠವನ್ನೂ ತಾವೇ ಕಲಿಸಿದಿರಿ. ಕಾರಿಗೆ ವಯಸ್ಸಾದಂತೆ ಅದರ ಬಿಡಿಭಾಗಕ್ಕೆ ಬೆಲೆ ಕಡಿಮೆಯಂತೆ, ಅದಕ್ಕೇ ಪರಿಹಾರದ ಹಣವೂ ಕಡಿಮೆಯಂತೆ. ಓಡಿಸುವವಳಿಗೆ ವಯಸ್ಸಾದಂತೆ ಮಾತ್ರ ಕಂತು ಹೆಚ್ಚಂತೆ. ವಯಸ್ಸಿನಿಂದ ಕೊಡುವುದು ಇಳಿದು ಕೊಳ್ಳುವುದು ಏರುವ ಈ ಜಾಣತನ ನನಗೆ ಹರೆಯದಲ್ಲೇ ಗೊತ್ತಿದ್ದಿದ್ದರೆ ನಾನೂ ಒಂದು ಕಂಪನಿ ತೆರೆಯುತ್ತಿದ್ದೆ.

ಇಷ್ಟರವರೆಗೆ ನಮ್ಮಿಬ್ಬರ ಸ್ನೇಹ ಚೆನ್ನಾಗಿಯೇ ಇತ್ತು. ಆಮೇಲೆ ತಾವು ಆ ಪ್ರಶ್ನೆ ಕೇಳಿದಿರಿ: ‘ಈ ಕಾರನ್ನು ತಮ್ಮ ಹೊರತು ಇನ್ನು ಯಾರು ಯಾರು ಓಡಿಸಬಹುದು?’

ನಾನು ಕಾಗದ ಬರೆದೇ ಕೈ ಪಳಗಿದವಳು ಎಂದೆನಲ್ಲ. ನಮ್ಮ ಕಡೆಯವರಿಗೆ ಕಾಗದ ಬರೆಯುವಾಗ ಒಂದು ಪದ್ಧತಿಯಿದೆ: ಯಾರ ಹೆಸರನ್ನೂ ಬಿಡುವ ಹಾಗಿಲ್ಲ. ದೊಡ್ಡವರಿಗೆ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ, ತೊಟ್ಟಿಲಲ್ಲಿರುವುದಕ್ಕೂ ಒಂದು ಮುತ್ತು ಬರೆಯದಿದ್ದರೆ ಮುಂದಿನ ಮದುವೆಯಲ್ಲಿ ಮುಖ ತಿರುಗಿಸುತ್ತಾರೆ. ನಾನು ಅದೇ ಧಾಟಿಯಲ್ಲಿ, ತಾವು ಇಷ್ಟು ಅಕ್ಕರೆಯಿಂದ ವಿಚಾರಿಸಿದ ಮೇಲೆ ಯಾರನ್ನಾದರೂ ಮರೆತರೆ ಚೆನ್ನಾಗಿರದು ಎಂದು, ಮನೆಮಂದಿಯನ್ನೆಲ್ಲ ಬರೆದೆ. ಅಕ್ಕನ ಗಂಡ ಭಾವನವರು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗಳು, ಕಾರು ಅಡ್ಡ ನಿಂತಾಗ ಒಂದು ಮಾರು ಹಿಂದಕ್ಕೆ ಸರಿಸಿಕೊಡುವ ಕೆಳಮನೆಯ ಬೀಗದ ರಿಪೇರಿಯವರು, ಸ್ಟೀರಿಂಗ್ ಹಿಡಿದ ಕ್ಷಣವೇ ಎರಡೂ ಕಣ್ಣು ಮುಚ್ಚುವ ಸೋದರತ್ತೆಯ ಮಗ, ಎಲ್ಲರನ್ನೂ.

ಗುಂಡಿ ಒತ್ತಿದೆ. ಬೆಲೆ ಬಂತು. ಅಷ್ಟು ಹಣಕ್ಕೆ ನಮ್ಮ ಕಾರಿನಂಥದ್ದು ಇನ್ನೊಂದು ಸಿಗುತ್ತಿತ್ತು, ವಿಮೆಯಿಲ್ಲದ್ದು.

ಅಕ್ಕನ ಮಗಳು ನೋಡಿ ಹಣೆ ಹಣೆ ಬಡಿದುಕೊಂಡಳು. “ಚಿಕ್ಕಮ್ಮಾ, ಇದೇನು ಮದುವೆ ಕರೆಯೋಲೆನಾ? ಎಲ್ಲರನ್ನೂ ಕರೆದಿದ್ದೀಯಲ್ಲ!” ಎಂದು ಫೋನು ಕಸಿದುಕೊಂಡು, ಮಧ್ಯಾಹ್ನದ ಊಟದ ಮೇಜಿನ ಮೇಲೆಯೇ, ಭಾವನವರ ಎದುರಿಗೇ, ಒಂದೊಂದೇ ಹೆಸರನ್ನು ಅಳಿಸತೊಡಗಿದಳು. ಬೀಗದವರು ಹೋದರು, ಬೆಲೆ ಚೂರು ಇಳಿಯಿತು. ಕಣ್ಣು ಮುಚ್ಚುವವನು ಹೋದ, ಇನ್ನೂ ಸ್ವಲ್ಪ. ತನ್ನ ಹೆಸರನ್ನೂ ತೆಗೆದಳು. ಆಮೇಲೆ, ಸುಮ್ಮನೆ ನೋಡೋಣ ಎಂದು, ತನ್ನ ಅಪ್ಪನ ಹೆಸರನ್ನು ಅಳಿಸಿದಳು. ಮಾನ್ಯರೇ, ಬೆಲೆ ಏಣಿಯಿಂದ ಬಿದ್ದ ಹಾಗೆ ದೊಪ್ಪನೆ ಕೆಳಗೆ ಬಿತ್ತು.

“ಏನದು? ಅಷ್ಟೂ ನಂದೇನಾ?” ಎಂದರು ಭಾವ.

“ವಯಸ್ಸು ಅಪ್ಪಾ. ಆಮೇಲೆ ಹಳೇ ಕ್ಲೇಮು ಎರಡು.”

“ಜನ್ಮವಿಡೀ ಓಡಿಸಿದೀನಿ ಕಣೇ, ಒಂದು ಇರುವೆ ಸತ್ತಿಲ್ಲ!”

ಮೂಲೆಯ ಕುರ್ಚಿಯಿಂದ ಅಕ್ಕ, “ಇರುವೆ ಬಿಡಿ. ನಮ್ಮ ಗೇಟು ಎರಡು ಸಲ ಸತ್ತಿದೆ” ಎಂದಳು.

ಎಲ್ಲರೂ ನಕ್ಕರು, ಭಾವನವರ ಹೊರತು. ಅವರು ತಟ್ಟೆ ಸರಿಸಿ ಎದ್ದುಹೋದರು. ಒಂದು ಮನೆಯಲ್ಲಿ ಯಾರ ಬೆಲೆ ಎಷ್ಟೆಂದು ಊಟದ ಹೊತ್ತಿನಲ್ಲಿ, ಎಲ್ಲರ ಮುಂದೆ, ಮುಗುಳ್ನಗುತ್ತ ತೋರಿಸಿಕೊಡುವ ಸಾಮರ್ಥ್ಯ ಇದುವರೆಗೆ ನಮ್ಮ ಸೋದರತ್ತೆಗೆ ಮಾತ್ರ ಇತ್ತು. ಆಕೆ ತೀರಿಕೊಂಡ ಮೇಲೆ ಆ ಸ್ಥಾನ ಖಾಲಿ ಬಿದ್ದಿತ್ತು, ತಾವು ತುಂಬಿದ್ದೀರಿ.

ಗಡುವು ಹತ್ತಿರ ಬಂದಿತ್ತು, ನನ್ನೊಬ್ಬಳ ಹೆಸರಿನಲ್ಲೇ ಆ ‘ಸಂಪೂರ್ಣ’ ವಿಮೆ ಮಾಡಿಸಿದೆ. ತಕ್ಷಣ ತಾವು ಪರದೆಯ ತುಂಬ ಬಣ್ಣದ ಕಾಗದದ ಚೂರು ಹಾರಿಸಿ ‘ಅಭಿನಂದನೆಗಳು, ತಾವು ಸುರಕ್ಷಿತ ಚಾಲಕಿ’ ಎಂದು ಬರೆದಿರಿ. ನನ್ನ ಮದುವೆಯ ದಿನವೂ ನನಗೆ ಯಾರೂ ಅಷ್ಟು ಸಂಭ್ರಮ ಮಾಡಿರಲಿಲ್ಲ.

ಈಗ ತಮಗೆ ಗೊತ್ತಿಲ್ಲದ, ತಾವು ಕೇಳದೆ ಬಿಟ್ಟ ಒಂದು ಸಂಗತಿ ಹೇಳಬೇಕು. ಆಸ್ಪತ್ರೆಗೆ ಹೋಗುವಾಗ ಕಾರು ನಾನು ಓಡಿಸುತ್ತೇನೆ, ಬರುವಾಗ ಭಾವ ಓಡಿಸುತ್ತಿದ್ದರು. ಡಯಾಲಿಸಿಸ್ ಮುಗಿಸಿ ಹೊರಗೆ ಬಂದ ಅಕ್ಕ ಹಿಂಡಿ ಒಣಗಲು ಹಾಕಿದ ಬಟ್ಟೆಯ ಹಾಗಿರುತ್ತಾಳೆ. ನಾನು ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕುಳಿತರೆ, ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಹಾಗೆ ನನ್ನ ಭುಜಕ್ಕೆ ತಲೆ ಕೊಟ್ಟು, ಎರಡನೆಯ ತಿರುವು ಬರುವುದರೊಳಗೆ ನಿದ್ದೆ ಹೋಗುತ್ತಾಳೆ. ಆ ನಿದ್ದೆಯೇ ಅವಳ ಔಷಧಿ. ಈ ಏರ್ಪಾಡನ್ನು ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ, ಹಾಗೇ ನಡೆದುಬಂದದ್ದು.

ತಮ್ಮ ಕೃಪೆಯಿಂದ ಹೋಗುವಾಗಲೂ ಬರುವಾಗಲೂ ನಾನೇ ಚಾಲಕಿಯಾದೆ, ಭಾವ ಹಿಂದೆ ಕುಳಿತರು. ಅವರು ಒಳ್ಳೆಯವರು, ಆದರೆ ಮೈಯಲ್ಲಿ ಮೂಳೆಯೇ ಹೆಚ್ಚು, ಮೇಲಾಗಿ ತಮ್ಮಿಂದಾದ ಅವಮಾನದಿಂದ ಸೆಟೆದು ಕುಳಿತಿದ್ದರು. “ರೀ, ಇದು ಭುಜನಾ ಮಂಚದ ಕಾಲಾ?” ಎಂದಳು ಅಕ್ಕ. ದಿಂಬು ಇಟ್ಟೆವು, ಜಾರಿತು. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅವಳು ಕಣ್ಣು ತೆರೆದುಕೊಂಡೇ ಇರುತ್ತಿದ್ದಳು. ಮನೆ ಸೇರುವಾಗ ತುಟಿಯಲ್ಲಿ ರಕ್ತವಿರುತ್ತಿರಲಿಲ್ಲ. ಒಂದು ಗುರುವಾರ, “ನಾಳೆ ಬೇಡ ಕಣೇ, ಹೋಗಿ ಬರೋದೇ ಸಾಕಾಗುತ್ತೆ. ವಾರಕ್ಕೆ ಒಂದು ಸಲ ಸಾಲದಾ?” ಎಂದಳು. ಸಾಲದು, ಮಾನ್ಯರೇ. ವಾರಕ್ಕೆ ಒಂದು ಸಲವಾದರೆ ಎಷ್ಟು ವಾರ ಎಂದು ವೈದ್ಯರು ನನ್ನನ್ನು ಬದಿಗೆ ಕರೆದು ಹೇಳಿದ್ದಾರೆ.

ಅಂದೇ ತಮ್ಮಲ್ಲಿ ವಿನಂತಿಸಿಕೊಂಡೆ: ಭಾವನವರಿಗೆ ಮಂಗಳವಾರ ಮತ್ತು ಶುಕ್ರವಾರ, ಆಸ್ಪತ್ರೆಯಿಂದ ಮನೆಯವರೆಗೆ ಮಾತ್ರ, ಆಮೆಯ ವೇಗದಲ್ಲಿ, ಗೇಟಿನ ಮುಂದೆ ನಾನು ಇಳಿದು ಕೈ ತೋರಿಸುವೆನೆಂಬ ಷರತ್ತಿನ ಮೇಲೆ, ಒಂದು ಸಣ್ಣ ವಿಮೆ ಇದೆಯೇ? ಇಲ್ಲವಾದರೆ ‘ಭುಜ ರಕ್ಷಣೆ’ ಎಂಬುದೊಂದನ್ನು ಹೊಸದಾಗಿ ಆರಂಭಿಸುವ ಔದಾರ್ಯ ತೋರುವಿರಾ? ತಾವು ಉತ್ತರಿಸಿದಿರಿ: ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ತಮ್ಮ ಕಾರಿನ ಕೀಲಿ ಕಳೆದುಹೋಗುವ ಭಯವಿದೆಯೇ?’

ಕೊನೆಗೆ ತಮ್ಮನ್ನು ದಾಟಿ ಮನುಷ್ಯರನ್ನು ಹುಡುಕಲು ಹೊರಟೆ. ತಮ್ಮ ಕಂಪನಿಯವರು ಫೋನಿನಲ್ಲಿ ಕೇಳಿಸುವ ಕಾಯುವ ಸಂಗೀತ ಬಹಳ ಇಂಪಾಗಿದೆ. ಅದಕ್ಕೆ ತಾಳ ಹಾಕುತ್ತ ನಾನು ಒಂದು ಪ್ಯಾಂಟಿನ ಎರಡು ಕಾಲಿಗೂ ಅಂಚು ಮಡಿಸಿ ಹೊಲಿದೆ. ಮೂರನೆಯ ಕಾಲು ಇದ್ದಿದ್ದರೆ ಅದೂ ಆಗುತ್ತಿತ್ತು. ಆಮೇಲೆ ಒಬ್ಬ ಹೆಣ್ಣುಮಗಳ ದನಿ ಬಂತು, ಕೆಮ್ಮು ಬಂದಿತ್ತು ಪಾಪ, ಮನುಷ್ಯರೇ ಸರಿ. ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡು, “ಅಮ್ಮಾ, ಕೀಲಿ ರಕ್ಷಣೆ, ಬಾಡಿಗೆ ಕಾರಿನ ಸೌಲಭ್ಯ, ಸಾಮಾನಿನ ವಿಮೆ, ಇದನ್ನೆಲ್ಲ ಯಾಕೆ ತಗೊಂಡ್ರಿ?” ಎಂದಳು.

“ನಾನೆಲ್ಲಿ ತಗೊಂಡೆ ಮಗಳೇ?”

“ಅವುಗಳ ಮುಂದೆ ಬೇಕು ಅಂತ ಗುರುತು ಬಿದ್ದಿದೆಯಲ್ಲ.” ಆಮೇಲೆ ದನಿ ತಗ್ಗಿಸಿ, “ಅದು ಮೊದಲೇ ಬಿದ್ದಿರುತ್ತೆ. ಬೇಡ ಅಂದ್ರೆ ನೀವೇ ತೆಗೀಬೇಕು” ಎಂದಳು.

ಬಂದವರ ತಟ್ಟೆಗೆ ಕೇಳದೆಯೇ ಬಡಿಸಿ, ಆಮೇಲೆ ಬಾಗಿಲಲ್ಲಿ ನಿಂತು ಲೆಕ್ಕ ಕೇಳುವ ತಮ್ಮ ಆತಿಥ್ಯಕ್ಕೆ ಎರಡೂ ಕೈ ಮುಗಿದೆ. ಆ ಮಗಳು ಇನ್ನೊಂದು ಮಾತು ಹೇಳಿದಳು: “‘ನಿಮ್ಮ ಪಾಲು’ ಅಂತ ಒಂದು ಕಡೆ ಇದೆ, ಅದನ್ನ ಸೊನ್ನೆಗೆ ಇಟ್ಟಿದ್ದಾರೆ. ಏರಿಸಿಬಿಡಿ. ಸಣ್ಣಪುಟ್ಟ ಗೀರು, ತಗ್ಗು ನಿಮ್ಮದು; ದೊಡ್ಡ ಪೆಟ್ಟಾದರೆ ನಿಮ್ಮ ಪಾಲು ಕಳೆದು ಉಳಿದಿದ್ದು ನಮ್ಮದು. ಆಗ ಕಂತು ಇಳಿಯುತ್ತೆ. ನಿಮ್ಮ ಭಾವನವರನ್ನ ಒಳಗೆ ಕರ್ಕೊಳ್ಳಬಹುದು.”

ಇಷ್ಟೇ, ಮಾನ್ಯರೇ. ಈ ನಾಲ್ಕು ಮಾತು ತಮ್ಮ ಹೊಟ್ಟೆಯೊಳಗೇ ಇದ್ದವು. ಅವನ್ನು ಹೇಳುವ ಬದಲು ತಾವು ನನ್ನ ಭಾವನವರನ್ನು ಹೊರಗೆ ನಿಲ್ಲಿಸಿ, ನನ್ನ ಕೀಲಿಯ ಬಗ್ಗೆ ಮರುಗಿದಿರಿ. ಬೇಡದ ರಕ್ಷಣೆಗಳನ್ನೆಲ್ಲ ತೆಗೆಸಿ, ಪಾಲು ಏರಿಸಿ, ಭಾವನವರ ಹೆಸರು ಸೇರಿಸಿದಾಗ ಬಂದ ಬೆಲೆ, ಅಗ್ಗವೆಂದು ಹೇಳಲಾರೆ, ತಡೆದುಕೊಳ್ಳಬಹುದಾದದ್ದು. ಭಾವನವರಿಗೆ ತಿಳಿಸಿದೆ. “ಬೇಕಾದ್ರೆ ಓಡಿಸ್ತೀನಿ, ಬಲವಂತ ಏನಿಲ್ಲ” ಎಂದು ಬಿಗಿಯಾಗಿ ಹೇಳಿ, ಮಂಗಳವಾರ ಎಲ್ಲರಿಗಿಂತ ಮುಂಚೆ ಎದ್ದು ಕಾರಿನ ಗಾಜು ಒರೆಸುತ್ತಿದ್ದರು. ಬರುವಾಗ ಅಕ್ಕ ಎರಡನೆಯ ತಿರುವಿಗೆ ಮುಂಚೆಯೇ ನಿದ್ದೆ ಹೋದಳು. ಅವಳ ಜೊಲ್ಲಿಗೆ ನನ್ನ ರವಿಕೆಯ ತೋಳು ಒದ್ದೆಯಾಯಿತು. ಶುಕ್ರವಾರ ಬೇಡವೆಂಬ ಮಾತು ಆಮೇಲೆ ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಹೆಚ್ಚೇನಿಲ್ಲ. ಕೇಳದೆ ಹಾಕಿದ ಗುರುತುಗಳನ್ನು ಹಾಕಿದವರೇ ತೆಗೆಯುವುದು; ನಕ್ಷತ್ರಗಳನ್ನು ಆಕಾಶಕ್ಕೆ ಹಿಂತಿರುಗಿಸುವುದು; ಮುಂದಿನ ವರ್ಷ ಬೆಲೆ ಹೇಳುವ ಮುನ್ನ ಒಮ್ಮೆ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ, ಅಕ್ಕನ ಇನ್ನೊಂದು ಬದಿಗೆ, ಮನೆಯವರೆಗೆ ಕುಳಿತು ಬರುವುದು. ಜಾಗವಿದೆ. ಆ ಕೆಮ್ಮುವ ಹೆಣ್ಣುಮಗಳಿಗೆ ಸಂಬಳ ಹೆಚ್ಚಿಸಿದರೆ ಬೇಡವೆನ್ನುವುದಿಲ್ಲ. ಆಕೆ ಯಾರೆಂದು ಮಾತ್ರ ನಾನು ಹೇಳುವುದಿಲ್ಲ.

ಮುಂದಿನ ಕಂತಿನವರೆಗೆ,
ತಮ್ಮ ವಿಶ್ವಾಸಿ,
ತಾವೇ ಘೋಷಿಸಿದ ಸುರಕ್ಷಿತ ಚಾಲಕಿ

ಮರೆತ ಮಾತು: ಈ ಪತ್ರ ಮಡಿಸುವಷ್ಟರಲ್ಲಿ ತಮಗೆ ತಿಳಿಸಲೇಬೇಕಾದ ಒಂದು ಘಟನೆ ನಡೆಯಿತು. ನಮ್ಮ ಗೇಟು ಮೂರನೆಯ ಸಲ ಸತ್ತಿತು. ಓಡಿಸುತ್ತಿದ್ದವಳು ನಾನು. ಖರ್ಚು ನಮ್ಮ ಪಾಲಿನೊಳಗೇ ಮುಗಿಯುವುದರಿಂದ ತಮಗೆ ತೊಂದರೆ ಕೊಡುವುದಿಲ್ಲ. ಭಾವನವರು ಮಾತ್ರ ಒಳಗಿನಿಂದ ಓಡಿಬಂದು, ಬಾಗಿದ ಗೇಟನ್ನೂ ನನ್ನನ್ನೂ ಮನಸಾರೆ ನೋಡಿ, ಎಷ್ಟೋ ವಾರಗಳ ಮೇಲೆ ಹೊಟ್ಟೆ ಹಿಡಿದು ನಕ್ಕು, ಮಗಳನ್ನು ಕೂಗಿ ಹೇಳಿದರು: “ಎಲ್ಲಿ, ಆ ಫೋನು ತಾರೇ! ಈಗ ನಿನ್ನ ಚಿಕ್ಕಮ್ಮನ ಹೆಸರು ಅಳಿಸಿ ನೋಡೋಣ, ಎಷ್ಟು ಇಳಿಯುತ್ತೆ ಅಂತ!”